ಇಲಿ ಪಾಷಾಣ ಇಲಿಯಲ್ಲೇ ನಿಲ್ಲುವುದಿಲ್ಲ: ಮನೆ, ತೋಟ, ಊರಿನಿಂದ ಅದನ್ನು ಹೊರಗಿಡುವ ಬಗೆ

ಅಡಕೆ ಕೊಯ್ಲಿನ ಗಡಿಬಿಡಿಯಲ್ಲಿ ಒಮ್ಮೆ ನಾವೂ ಮೆತ್ತಿನ (ಅಟ್ಟದ) ಮೇಲೆ ಇಲಿ ಪಾಷಾಣ ಇಟ್ಟಿದ್ದೆವು. ಶಿರಸಿ ಪೇಟೆಗೆ ಹೋದಾಗ ತಂದ ನೀಲಿ ಬಿಲ್ಲೆಗಳು, ಒಟ್ಟು ಹತ್ತು. ನಾಲ್ಕನೆಯ ದಿನಕ್ಕೆ ರಾತ್ರಿಯ ಗಡಬಡ ನಿಂತಿತು. ಇನ್ನು ಚೀಲ ಕಡಿಯುವವರಿಲ್ಲ ಎಂದು ಮನೆಮಂದಿಗೆಲ್ಲ ನೆಮ್ಮದಿ. ಎಂಟನೆಯ ದಿನ ನಮ್ಮ ನಾಯಿ ಕರಿಯ ಅನ್ನ ಮುಟ್ಟಲಿಲ್ಲ. ಅಂಗಳದ ಮೂಲೆಯಲ್ಲಿ ಮಲಗಿದವನು ಕರೆದರೆ ಬಾಲವನ್ನಷ್ಟೇ ಅಲ್ಲಾಡಿಸುತ್ತಿದ್ದ. ಪಶುವೈದ್ಯರು ತುಟಿ ಎತ್ತಿ ತೋರಿಸಿದರು. ಕೆಂಪಗಿರಬೇಕಾದ ಒಸಡು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ಒತ್ತಿ ಹಿಡಿದ ಹತ್ತಿ ನೆನೆಯುತ್ತಲೇ ಹೋಯಿತು, ರಕ್ತ ನಿಲ್ಲಲೊಲ್ಲದು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ?"

ಕರಿಯ ಬಿಲ್ಲೆ ತಿಂದಿರಲಿಲ್ಲ, ಬಿಲ್ಲೆ ತಿಂದ ಇಲಿಗಳನ್ನು ತಿಂದಿದ್ದ. ವಿಟಮಿನ್ ಕೆ1 ಚುಚ್ಚುಮದ್ದು, ಆಮೇಲೆ ನಾಲ್ಕು ವಾರ ಗುಳಿಗೆ. ಅವನು ಬದುಕಿದ. ಕೊಟ್ಟಿಗೆ ಹಿಂದಿನ ಹಲಸಿನ ಮರದಲ್ಲಿ ದಿನಾ ಕೂಗುತ್ತಿದ್ದ ಗೂಬೆ ಜೋಡಿಯ ದನಿ ಮಾತ್ರ ಆ ತಿಂಗಳ ನಂತರ ಕೇಳಿಸಲಿಲ್ಲ. ಅವಕ್ಕೆ ಏನಾಯಿತೆಂದು ಪರೀಕ್ಷೆ ಮಾಡಿದವರಿಲ್ಲ. ನನ್ನ ತಲೆಯಿಂದ ಆ ಹತ್ತು ಬಿಲ್ಲೆಗಳಂತೂ ಹೋಗಿಲ್ಲ.

ಅಂದಿನಿಂದ ನಮ್ಮ ಮನೆಗೆ ಇಲಿ ಪಾಷಾಣ ಬಂದಿಲ್ಲ. ಇಲಿಗಳ ಕಾಟ ತಗ್ಗಿಸಲು ಏನೇನು ಮಾಡಿದೆವು, ನೀವು ಯಾವ ಕ್ರಮದಲ್ಲಿ ಮಾಡಿದರೆ ಸುಲಭ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಘಟ್ಟದ ಮೇಲಿನ ಹೆಂಚಿನ ಮನೆ, ಅಡಕೆ ತೋಟವೇ ಹೆಚ್ಚಾಗಿ ಕಣ್ಣ ಮುಂದಿದ್ದರೂ ಅಂಕೋಲಾ, ಕಾರವಾರ, ಕುಮಟಾ ಕಡೆಯವರಿಗೆ ಬೇಕಾದದ್ದನ್ನೂ ಸೇರಿಸಿದ್ದೇನೆ.

ಮೊದಲ ಹೆಜ್ಜೆ: ಮನೆಯಲ್ಲಿರುವ ಪೊಟ್ಟಣ ಓದಿ

ಅಂಗಡಿಯಲ್ಲಿ ಎಲ್ಲಕ್ಕೂ "ಇಲಿ ಪಾಷಾಣ" ಎಂದೇ ಹೆಸರು. ಒಳಗಿರುವುದು ಮಾತ್ರ ಬೇರೆ ಬೇರೆ ವಿಷ, ಕೊಲ್ಲುವ ರೀತಿಯೂ ಬೇರೆ.

ನೀಲಿ, ಹಸಿರು ಅಥವಾ ಗುಲಾಬಿ ಬಣ್ಣದ ಮೇಣದಂಥ ಬಿಲ್ಲೆಯಾದರೆ ಅದು ಬಹುಮಟ್ಟಿಗೆ ಬ್ರೊಮಾಡಿಯೊಲೋನ್. ಲೇಬಲ್ ಮೇಲೆ 0.005% ಎಂದಿರುತ್ತದೆ. ಅಷ್ಟು ಸಣ್ಣ ಅಂಕಿ ನೋಡಿ ಸೌಮ್ಯ ಎಂದುಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಪಿತ್ತಜನಕಾಂಗ ತಯಾರಿಸುವುದು ವಿಟಮಿನ್ ಕೆ ಸಹಾಯದಿಂದ. ದೇಹ ಆ ವಿಟಮಿನ್ನನ್ನು ಮತ್ತೆ ಮತ್ತೆ ಬಳಸಿಕೊಳ್ಳುವ ದಾರಿಯನ್ನೇ ಈ ವಿಷ ಮುಚ್ಚುತ್ತದೆ. ರಕ್ತದಲ್ಲಿ ಮೊದಲೇ ಇದ್ದ ಅಂಶಗಳು ಖಾಲಿಯಾಗುವವರೆಗೆ ಇಲಿಗೆ ಏನೂ ಆಗುವುದಿಲ್ಲ. ನಾಲ್ಕೈದು ದಿನವಾದ ಮೇಲೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಈ ನಾಲ್ಕೈದು ದಿನಗಳಲ್ಲೇ ಅಪಾಯವಿರುವುದು. ಸಾಯಲು ಒಂದು ರಾತ್ರಿಯ ಊಟ ಸಾಕು, ಆದರೆ ಇಲಿ ಮರುದಿನವೂ ಬಂದು ತಿನ್ನುತ್ತದೆ, ಅದರ ಮರುದಿನವೂ. ಸಾಯುವ ಹೊತ್ತಿಗೆ ಮೈತುಂಬ ವಿಷ. ಕೊನೆಯ ದಿನಗಳಲ್ಲಿ ಮಂಕಾಗಿ ಹಗಲಲ್ಲೂ ಬಯಲಿಗೆ ಬಂದು ತಡವರಿಸುವುದರಿಂದ ಬೇಟೆಗಾರ ಪ್ರಾಣಿಗಳಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವುದೂ ಅದೇ ಇಲಿ. ತಿಂದ ಗೂಬೆಯ, ಮುಂಗುಸಿಯ, ನಾಯಿಯ ಪಿತ್ತಜನಕಾಂಗದಲ್ಲಿ ಈ ವಿಷ ತಿಂಗಳುಗಟ್ಟಲೆ ಕೂತಿರುತ್ತದೆ. ಇಂದು ಒಂದು, ಮುಂದಿನ ವಾರ ಇನ್ನೊಂದು ಎಂದು ಒಟ್ಟಾಗುತ್ತದೆ.

ಈ ಜಾತಿಯ ಮೊದಲ ವಿಷ ವಾರ್ಫರಿನ್. ಅಮೆರಿಕದಲ್ಲಿ ಹಳಸಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದ ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ ದಾರಿ ಅದು. 1948ರಲ್ಲಿ ಇಲಿಗಳಿಗೆಂದು ಮಾರಾಟಕ್ಕೆ ಬಂತು. ಆಮೇಲೆ ಮನುಷ್ಯರ ಔಷಧಿಯೂ ಆಯಿತು. ಹೃದಯದ ಕವಾಟ ಬದಲಿಸಿಕೊಂಡ ಹಿರಿಯರು ಇಂದಿಗೂ ಅಳತೆ ತಪ್ಪದಂತೆ ರಕ್ತ ಪರೀಕ್ಷೆ ಮಾಡಿಸಿಕೊಂಡು ನುಂಗುವ ಗುಳಿಗೆ ಅದೇ. ಇಲಿಗಳು ವಾರ್ಫರಿನ್ನಿಗೆ ಜಗ್ಗದಾದಾಗ ಬಂದ ಎರಡನೆಯ ತಲೆಮಾರಿನ ವಿಷಗಳು ಬ್ರೊಮಾಡಿಯೊಲೋನ್, ಬ್ರೋಡಿಫಾಕಮ್ ಮುಂತಾದವು. ಇವು ಇನ್ನೂ ತೀಕ್ಷ್ಣ, ದೇಹದಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುವಂಥವು.

ಬೂದು ಮಿಶ್ರಿತ ಕಪ್ಪು ಪುಡಿಯಾದರೆ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಗುಲಿದ ಕೂಡಲೇ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಅನ್ನ, ಗೋಧಿ, ಒಣಮೀನಿನ ಜೊತೆ ಕಲಸಿ ಗದ್ದೆಯ ಅಂಚಿನಲ್ಲಿ ಇಡುವುದು ಇದನ್ನೇ. ಕೋಳಿ, ನವಿಲು, ದನ, ನಾಯಿ, ಯಾವುದು ಆ ಕಾಳಿಗೆ ಬಾಯಿ ಹಾಕಿದರೂ ಅಷ್ಟೇ.

ಟ್ಯೂಬಿನಲ್ಲೋ ಡಬ್ಬಿಯಲ್ಲೋ ಬರುವ ಪೇಸ್ಟ್ ಆದರೆ ಹಳದಿ ರಂಜಕ ಇರಬಹುದು. ಹಲ್ಲುಜ್ಜುವ ಪೇಸ್ಟ್ ಎಂದುಕೊಂಡು ಬಾಯಿಗೆ ಹಾಕಿಕೊಂಡ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ನೇರ ಪಿತ್ತಜನಕಾಂಗಕ್ಕೆ ಬೀಳುವ ವಿಷ ಇದು. ಮನೆಯಲ್ಲಿ ಇಡಲೇಬಾರದ ವಸ್ತು ಎಂದು ಒಂದನ್ನು ಹೆಸರಿಸಬೇಕಾದರೆ ನಾನು ಇದನ್ನೇ ಹೆಸರಿಸುತ್ತೇನೆ.

ಇನ್ನು ಭತ್ತದ ಕಣಜಕ್ಕೆ, ಅಡಕೆ ಚೀಲದ ಕೋಣೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೂ ಸಾಕು, ಅದೇ ಫಾಸ್ಫೀನ್ ಅನಿಲ ಹೊರಬರುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ? ಪಕ್ಕದ ಕೋಣೆಯಲ್ಲಿ ಮಲಗಿದವರೂ ಸತ್ತ ಉದಾಹರಣೆಗಳಿವೆ. ಭಾರತದಲ್ಲಿ ಇದು ನಿರ್ಬಂಧಿತ ವಿಷ. ತರಬೇತಿ ಪಡೆದವರು ಮೇಲ್ವಿಚಾರಣೆಯಲ್ಲಿ ಬಳಸಬೇಕಾದದ್ದು. ಯಾರಾದರೂ ಬಿಡಿಯಾಗಿ ನಾಲ್ಕು ಗುಳಿಗೆ ಕಾಗದದಲ್ಲಿ ಕಟ್ಟಿಕೊಟ್ಟರೆ ಬೇಡವೆನ್ನಿ.

ಎರಡನೆಯ ಹೆಜ್ಜೆ: ಇರುವುದನ್ನು ಹೊರಗೆ ಹಾಕಿ, ಆದರೆ ಹಳ್ಳಕ್ಕಲ್ಲ

ಪೊಟ್ಟಣಗಳನ್ನೆಲ್ಲ ಒಟ್ಟು ಮಾಡಿ. ಬಚ್ಚಲ ಮನೆಯ ಗೂಡು, ದೇವರ ಕೋಣೆಯ ಅಟ್ಟ, ಕೊಟ್ಟಿಗೆಯ ಮಾಡು, ತೋಟದ ಮನೆ ಎಲ್ಲ ಹುಡುಕಿ. ಹೆಂಚಿನ ಸಂದಿಗೆ ತುರುಕಿ ಮರೆತ ಹಳೇ ಬಿಲ್ಲೆಗಳನ್ನೂ ಚಿಮುಟದಿಂದ ಹೆಕ್ಕಿ. ಕೈಗವಸು ಇರಲಿ.

ಬಚ್ಚಲಿಗೆ ಸುರಿಯಬೇಡಿ, ಗೊಬ್ಬರಗುಂಡಿಗೆ ಹಾಕಬೇಡಿ, ದರಕಿನ (ಒಣ ಎಲೆಗಳ) ಜೊತೆ ಸುಡಬೇಡಿ. ಫಾಸ್ಫೈಡಿಗೆ ನೀರು ತಾಗಿದರೆ ವಿಷಾನಿಲ, ಹಳದಿ ರಂಜಕ ಗಾಳಿಗೆ ತೆರೆದಿಟ್ಟರೆ ತಾನೇ ಹೊತ್ತಿಕೊಳ್ಳುತ್ತದೆ. ಮೂಲ ಪೊಟ್ಟಣದಲ್ಲೇ, ಲೇಬಲ್ ಸಮೇತ, ಒಣಗಿದ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಮಾಡಿ ಬೀಗದೊಳಗೆ ಇಡಿ, ಮನುಷ್ಯರು ಮಲಗುವ ಕೋಣೆಯಲ್ಲಿ ಮಾತ್ರ ಬೇಡ. ತೆರೆಯದ ಪೊಟ್ಟಣವನ್ನು ತಂದ ಅಂಗಡಿಗೇ ಮರಳಿಸಿ ನೋಡಿ. ಉಳಿದದ್ದನ್ನು ನಗರಸಭೆ ಅಥವಾ ಪಂಚಾಯಿತಿಯ ಕಸದವರಿಗೆ ಕೊಡುವಾಗ ಬೇರೆ ಚೀಲದಲ್ಲಿ ಕಟ್ಟಿ, "ವಿಷ" ಎಂದು ಬರೆದು, ಬಾಯಿಬಿಟ್ಟು ಹೇಳಿಯೇ ಕೊಡಿ. ಇದು ಅಪಾಯಕಾರಿ ತ್ಯಾಜ್ಯ. ಹಸಿ ಕಸ, ಒಣ ಕಸದ ಜೊತೆ ಸೇರಿಸುವಂತಿಲ್ಲ.

ಮೂರನೆಯ ಹೆಜ್ಜೆ: ಯಾರು, ಎಲ್ಲಿಂದ ಬರುತ್ತಾರೆ ಎಂದು ಪತ್ತೆ ಮಾಡಿ

ನಾವು ಈ ಕೆಲಸಕ್ಕೆ ಬಳಸಿದ್ದು ರಂಗೋಲಿ ಹಿಟ್ಟು. ರಾತ್ರಿ ಮಲಗುವ ಮೊದಲು ಗೋಡೆಯ ಅಂಚಿಗೆ, ಏಣಿ ಮೆಟ್ಟಿಲ ಕೆಳಗೆ, ಕೊಟ್ಟಿಗೆ ಬಾಗಿಲ ಸಂದಿಗೆ ಒಂದು ಗೇಣು ಅಗಲಕ್ಕೆ ತೆಳ್ಳಗೆ ಉದುರಿಸಿದೆವು. ಬೆಳಿಗ್ಗೆ ಟಾರ್ಚ್ ಅಡ್ಡ ಹಿಡಿದು ನೋಡಿದರೆ ಓಡಾಟವೆಲ್ಲ ಬರೆದಿಟ್ಟಂತೆ ಕಾಣುತ್ತದೆ: ಪುಟ್ಟ ಹೆಜ್ಜೆಗಳ ಸಾಲು, ನಡುವೆ ಬಾಲ ಎಳೆದ ಗೆರೆ. ನಮ್ಮ ಮನೆಯಲ್ಲಿ ಆ ಸಾಲು ಹೋಗಿ ನಿಂತದ್ದು ಅಡಿಗೆಮನೆಯ ಮೂಲೆಯಲ್ಲಿ, ಕರೆಂಟಿನ ಕೊಳವೆ ಗೋಡೆ ತೂರಿ ಬರುವ ಕಡೆ. ಕೊಳವೆಗೆಂದು ಕೊರೆದ ತೂತು ಕೊಳವೆಗಿಂತ ಎರಡು ಬೆರಳು ದೊಡ್ಡದು. ತೂತಿನ ಅಂಚು ಎಣ್ಣೆ ಸವರಿದ ಹಾಗೆ ಕಪ್ಪಗೆ, ಮುಟ್ಟಿದರೆ ಜಿಡ್ಡು. ಇಲಿಗಳ ಮೈ ದಿನಾ ಉಜ್ಜಿ ಉಜ್ಜಿ ಆದ ಕಲೆ ಅದು. ಹನ್ನೊಂದು ವರ್ಷದಿಂದ ಆ ತೂತು ಅಲ್ಲೇ ಇತ್ತು. ನಾವು ಪಾಷಾಣ ತಂದದ್ದೆಷ್ಟು ಸಲ!

ಹಿಕ್ಕೆಯನ್ನೂ ನೋಡಿ. ಅಕ್ಕಿ ಕಾಳಿನಷ್ಟಿದ್ದರೆ ಚಿಕ್ಕ ಇಲಿ. ಕಡಲೆಕಾಳಿಗಿಂತ ಉದ್ದವಾಗಿ, ಅಟ್ಟ ಮಾಡುಗಳ ಮೇಲೆಯೇ ಇದ್ದರೆ ಮಾಡಿನ ಇಲಿ. ತೆಂಗು, ಕೋಕೋ ಹಾಳು ಮಾಡುವುದೂ ಇದೇ. ಅಂಗಳದಲ್ಲಿ, ಗೊಬ್ಬರಗುಂಡಿ ಪಕ್ಕ ಬುಟ್ಟಿಗಟ್ಟಲೆ ಮಣ್ಣು ಹೊರಹಾಕಿದ್ದರೆ ಹೆಗ್ಗಣ. ಮೂತಿ ಚೂಪಾಗಿ ಮುಂದೆ ಚಾಚಿ, ಗೋಡೆ ಅಂಚಿನಲ್ಲೇ ಕೀಚುಗುಟ್ಟುತ್ತಾ ಓಡುವ, ನಾತ ಬೀರುವ ಸುಂಡಿಲಿಯಾದರೆ ಅದನ್ನು ಅದರ ಪಾಡಿಗೆ ಬಿಡಿ. ಅದು ಇಲಿಯ ಬಳಗವೇ ಅಲ್ಲ, ಜಿರಳೆ, ಹುಳುಹುಪ್ಪಟೆ ತಿನ್ನುವ ಪ್ರಾಣಿ.

ನಾಲ್ಕನೆಯ ಹೆಜ್ಜೆ: ಊಟ ನಿಲ್ಲಿಸಿ, ಬಾಗಿಲು ಹಾಕಿ

ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಹೊಳೆಗೆ ಹುಣಸೆ ಹಿಂಡಿದ ಹಾಗೆ. ಹೆಣ್ಣಿಲಿಗೆ ಗರ್ಭದ ಅವಧಿ ಮೂರು ವಾರ, ಒಂದು ಸೂಲಿಗೆ ಆರೆಂಟು ಮರಿ, ಆ ಮರಿಗಳು ಎರಡು ಮೂರು ತಿಂಗಳಿಗೆಲ್ಲ ತಾವೇ ತಾಯಿಯಾಗುತ್ತವೆ. ತಿನ್ನಲು ಇರುವ ತನಕ ಸತ್ತವುಗಳ ಜಾಗಕ್ಕೆ ಹೊಸವು ಬರುತ್ತಲೇ ಇರುತ್ತವೆ.

ದನಗಳ ಹಿಂಡಿ, ಹತ್ತಿಕಾಳು, ಕೋಳಿಗೆ ಹಾಕುವ ನುಚ್ಚು ಇವೆಲ್ಲ ಚೀಲದಲ್ಲಿದ್ದರೆ ಇಲಿಗಳಿಗೆ ಬಡಿಸಿಟ್ಟ ಬಾಳೆ. ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ವರ್ಗಾಯಿಸಿ. ಪ್ಲಾಸ್ಟಿಕ್ ಡ್ರಮ್ಮನ್ನು ಒಂದು ಮಳೆಗಾಲದೊಳಗೆ ಕೊರೆಯುತ್ತವೆ. ನಾಯಿ ಬೆಕ್ಕಿನ ತಟ್ಟೆಯಲ್ಲಿ ರಾತ್ರಿ ಅನ್ನ ಉಳಿಯಬಾರದು. ಚಾಲಿ (ಒಣಗಿಸಿ ಸುಲಿದ ಅಡಕೆ) ಚೀಲಗಳನ್ನು ನೆಲದಿಂದ ಒಂದಡಿ ಮೇಲೆ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಟ್ಟಿ. ಸುತ್ತ ಪೊರಕೆ ಆಡುವಷ್ಟು ಜಾಗವಿದ್ದರೆ ಗೂಡು ಕಟ್ಟುವ ಧೈರ್ಯ ಅವಕ್ಕೆ ಬರುವುದಿಲ್ಲ. ಹಳೇ ಅಡಕೆ ಹಾಳೆ, ಒಡೆದ ಹೆಂಚಿನ ರಾಶಿ, ಕರಡದ ಬಣವೆ ಮನೆ ಗೋಡೆಗೆ ತಾಗಿ ಇರಬಾರದು. ಮಾಡಿಗೆ ಬಾಗಿದ ಪೇರಲೆ, ಮಾವಿನ ಕೊಂಬೆಗಳನ್ನು ನಾಲ್ಕೈದು ಅಡಿ ದೂರಕ್ಕೆ ಕಡಿಯಿರಿ.

ಕರಾವಳಿಯಲ್ಲಾದರೆ ಒಣಮೀನು ಮತ್ತು ಬಲೆ. ಮೀನು ಒಣಹಾಕುವ ಚಪ್ಪರದ ಕಂಬಗಳಿಗೆ ಮಂಡಿಯೆತ್ತರದಲ್ಲಿ ನುಣುಪು ತಗಡು ಸುತ್ತಿ. ಬಲೆ ಕಡಿಯುವುದು ಹಲ್ಲಿನ ಚಟಕ್ಕಿಂತ ಬಲೆಗೆ ಅಂಟಿದ ಮೀನಿನ ವಾಸನೆಗೆ, ಆದ್ದರಿಂದ ತೊಳೆದು ಒಣಗಿಸಿ ತೂಗುಹಾಕಿ.

ಇನ್ನು ತೂತುಗಳು. ಹೆಬ್ಬೆರಳು ತೂರುವಷ್ಟು ತೂತಿದ್ದರೆ ಇಲಿ ನುಗ್ಗುತ್ತದೆ, ಕಿರುಬೆರಳು ತೂರಿದರೆ ಚಿಕ್ಕಿಲಿ. ಕಾಲು ಇಂಚು ಕಣ್ಣಿನ ತಂತಿ ಜಾಲರಿ ತುರುಕಿ ಅದರ ಮೇಲೆ ಸಿಮೆಂಟು ಮೆತ್ತಬೇಕು. ಬರೀ ಸಿಮೆಂಟು ಒಣಗುವುದರೊಳಗೇ ಕೆರೆದುಬಿಡುತ್ತವೆ. ಬಚ್ಚಲ ನೀರು ಹೋಗುವ ಗಂಡಿಗೆ ಜಾಲರಿಯ ಬಾಗಿಲು, ಬಾಗಿಲ ಅಡಿಯ ಸಂದಿಗೆ ತಗಡಿನ ಪಟ್ಟಿ, ಗೋಡೆ ಮತ್ತು ಹೆಂಚು ಕೂಡುವ ಕಡೆ ಉದ್ದಕ್ಕೂ ಜಾಲರಿ. ಕಾರವಾರ, ಹೊನ್ನಾವರದ ಉಪ್ಪುಗಾಳಿಗೆ ಮಾಮೂಲು ತಂತಿ ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿಯವರು ಸ್ವಲ್ಪ ಖರ್ಚಾದರೂ ಸ್ಟೀಲ್ ಜಾಲರಿಯನ್ನೇ ತನ್ನಿ. ಹೆಂಚಿನ ಮನೆಯನ್ನು ಪೂರ್ತಿ ಮುಚ್ಚಲು ಆಗದು ಎಂಬುದು ನಿಜ. ನಮ್ಮಲ್ಲೂ ಆಗಿಲ್ಲ. ಅಡಿಗೆಮನೆ ಮತ್ತು ಅಡಕೆ ಕೋಣೆ, ಈ ಎರಡನ್ನು ಮಾತ್ರ ಬಿಗಿ ಮಾಡಿದೆವು. ಗಣಪನ ವಾಹನ, ಕೊಲ್ಲಬಾರದು ಎನ್ನುವ ಮನೆಯವರು ಈ ಹೆಜ್ಜೆಯನ್ನೇ ಅಚ್ಚುಕಟ್ಟಾಗಿ ಮಾಡಿದರೆ ಮುಂದಿನದರ ಅಗತ್ಯವೇ ಬೀಳದಿರಬಹುದು.

ಐದನೆಯ ಹೆಜ್ಜೆ: ಬೋನು

ತೂತು ಮುಚ್ಚಿದ ಮೇಲೆ ಒಳಗೆ ಸಿಕ್ಕಿಬಿದ್ದವನ್ನು ಹಿಡಿಯಬೇಕು. ಬಲವಾದ ಸ್ಪ್ರಿಂಗಿನ ಚಪ್ಪಟೆ ಬೋನು ನನ್ನ ಆಯ್ಕೆ, ಏಕೆಂದರೆ ಕ್ಷಣದಲ್ಲಿ ಮುಗಿಯುತ್ತದೆ. ಐದು ದಿನ ಒಳಗೊಳಗೆ ರಕ್ತ ಸೋರಿ ಸಾಯುವುದಕ್ಕಿಂತ ಇದು ಇಲಿಗೂ ಕಡಿಮೆ ನೋವು. ಒಂದು ಬೋನು ಇಟ್ಟು ಬೀಳಲಿಲ್ಲ ಎನ್ನುವವರೇ ಹೆಚ್ಚು. ಕನಿಷ್ಠ ಆರೆಂಟಾದರೂ ಒಟ್ಟಿಗೆ ಇಡಿ. ಇಲಿ ಗೋಡೆಗೆ ಮೀಸೆ ತಾಗಿಸಿಕೊಂಡೇ ಓಡುವ ಪ್ರಾಣಿ, ಹಾಗಾಗಿ ಬೋನಿನ ತಿಂಡಿ ಇಡುವ ತುದಿ ಗೋಡೆಯ ಕಡೆಗಿರಲಿ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ, ಮೊದಲ ಎರಡು ಮೂರು ರಾತ್ರಿ ತಿಂಡಿ ಇಟ್ಟು ಬೋನು ಎಳೆಯದೆ ಬಿಡಿ. ತಿಂದು ರೂಢಿಯಾದ ಮೇಲೆ ಎಲ್ಲವನ್ನೂ ಒಂದೇ ರಾತ್ರಿ ಎಳೆಯಿರಿ. ಸುಟ್ಟ ಕೊಬ್ಬರಿ ಚೂರನ್ನು ದಾರದಲ್ಲಿ ಕಟ್ಟಿದರೆ ಹಾರಿಸಿಕೊಂಡು ಹೋಗಲಾಗದು. ಕರಾವಳಿಯವರಿಗೆ ಒಣ ಸಿಗಡಿ ಇದೆ. ಮಕ್ಕಳು, ಬೆಕ್ಕು ಓಡಾಡುವ ಕಡೆಯಾದರೆ ಎರಡೂ ತುದಿ ತೆರೆದ ಮರದ ಪೆಟ್ಟಿಗೆಯೊಳಗೆ ಬೋನು ಇಡಿ.

ಜೀವಂತ ಹಿಡಿಯುವ ಪಂಜರ ಬಳಸುವವರು ಬೆಳಿಗ್ಗೆ ತಪ್ಪದೆ ನೋಡಬೇಕು. ಹಿಡಿದದ್ದನ್ನು ದೂರದ ಬೆಟ್ಟಕ್ಕೆ ಬಿಟ್ಟು ಬರುವುದು ಪುಣ್ಯದ ಕೆಲಸವೆಂದು ನನಗನ್ನಿಸುವುದಿಲ್ಲ. ಇನ್ನೊಬ್ಬರ ಕೊಟ್ಟಿಗೆಗೆ ಇಲಿಗಳನ್ನೂ ರೋಗವನ್ನೂ ದಾಟಿಸಿದಂತೆ. ಅಂಟು ಹಲಗೆ ಖಂಡಿತ ಬೇಡ. ಇಲಿ ಅದರ ಮೇಲೆ ಗಂಟೆಗಟ್ಟಲೆ ಒದ್ದಾಡುತ್ತದೆ, ಹಲ್ಲಿ, ಹಾವಿನ ಮರಿ, ಗುಬ್ಬಿಯೂ ಅಂಟಿಕೊಳ್ಳುತ್ತವೆ. ಕಿವಿಗೆ ಕೇಳದ ಶಬ್ದ ಮಾಡುವ ಯಂತ್ರಕ್ಕೆ ದುಡ್ಡು ಹಾಕಬೇಡಿ, ಇಲಿಗಳು ನಾಲ್ಕು ದಿನಕ್ಕೆ ಹೊಂದಿಕೊಳ್ಳುತ್ತವೆ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿಜ್ವರ ಹರಡುವುದು ಇಲಿಗಳ ಮೂತ್ರದಿಂದ, ಕಾಲಿನ ಸಣ್ಣ ಗಾಯದ ಮೂಲಕವೂ. ಬ್ಲೀಚಿಂಗ್ ನೀರು ಚಿಮುಕಿಸಿ, ಕೈಗವಸು ಹಾಕಿ, ಎರಡಡಿ ಆಳಕ್ಕೆ ಹೂಳಿ. ಒಣ ಹಿಕ್ಕೆಯನ್ನು ಗುಡಿಸದೆ ಒದ್ದೆ ಮಾಡಿ ಒರೆಸಿ. ಮಳೆಗಾಲದಲ್ಲಿ ಗದ್ದೆ, ತೋಟಕ್ಕಿಳಿದು ಬಂದವರಿಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾದರೆ ವೈದ್ಯರಿಗೆ ಇಲಿಗಳ ವಿಷಯವನ್ನೂ ಹೇಳಿ.

ಆರನೆಯ ಹೆಜ್ಜೆ: ತೋಟ, ಗದ್ದೆ

ತೆಂಗಿನ ಬುಡದಲ್ಲಿ ಬಿದ್ದ ಎಳೆಗಾಯಿಯ ತೊಟ್ಟಿನ ಹತ್ತಿರ ದುಂಡನೆಯ ತೂತಿದ್ದರೆ ಅದು ಇಲಿಗಳ ಕೆಲಸ. ಕಾಂಡಕ್ಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ನುಣುಪು ತಗಡನ್ನು ಸುತ್ತ ಹೊಡೆದರೆ ಇಲಿ ಹತ್ತಲಾರದು. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯೂ ಇದನ್ನು ಹೇಳುತ್ತದೆ. ಪಕ್ಕದ ಮರದ ಗರಿ ತಾಗುತ್ತಿದ್ದರೆ ಮಾತ್ರ ಪ್ರಯೋಜನವಿಲ್ಲ, ಅಲ್ಲಿಂದ ದಾಟಿ ಬರುತ್ತದೆ. ಸುಳಿಯಲ್ಲಿ ಬ್ರೊಮಾಡಿಯೊಲೋನ್ ಬಿಲ್ಲೆ ಇಡುವ ಶಿಫಾರಸೂ ಕೃಷಿ ಕೈಪಿಡಿಗಳಲ್ಲಿದೆ. ಬಯಲುಸೀಮೆಯ ತೋಟಕ್ಕೆ ಅದು ಸರಿಯೋ ಏನೋ, ಬೆಟ್ಟಕ್ಕೆ ತಾಗಿದ ನಮ್ಮ ತೋಟಗಳಲ್ಲಿ ನಾನಂತೂ ಒಪ್ಪುವುದಿಲ್ಲ. ಅದೇ ಸುಳಿಗೆ ಕೆಂದಳಿಲು ಬರುತ್ತದೆ, ಪುನುಗುಬೆಕ್ಕು ಬರುತ್ತದೆ.

ಗದ್ದೆಯ ಅಂಚು ದಪ್ಪವಿದ್ದಷ್ಟೂ ಬಿಲಗಳು ಹೆಚ್ಚು. ಅಂಚನ್ನು ಕಿರಿದಾಗಿ, ಹುಲ್ಲು ಸವರಿ ಇಡಿ. ಅಕ್ಕಪಕ್ಕದ ಗದ್ದೆಯವರೆಲ್ಲ ನಾಟಿಗೆ ಮುಂಚೆ ಒಂದೇ ವಾರದಲ್ಲಿ ಬಿಲ ಅಗೆದು ಬೋನು ಇಟ್ಟರೆ ಆಗುವ ಪರಿಣಾಮ ಒಬ್ಬರೇ ವರ್ಷವಿಡೀ ಹೆಣಗಿದರೂ ಆಗದು. ಕುಮಟಾದ ಅಘನಾಶಿನಿ ಹೊಳೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ) ಕಗ್ಗ ಭತ್ತ ಬೆಳೆಯುವವರು ಅಂಚಿಗೆ ವಿಷದ ಕಾಳು ಇಟ್ಟರೆ ಉಬ್ಬರದ ನೀರು ಅದನ್ನು ಎಲ್ಲಿಗೆ ಒಯ್ಯುತ್ತದೆಂದು ಯೋಚಿಸಿ. ಆ ಅಳಿವೆ 2024ರಲ್ಲಿ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿದೆ, ಮೀನು, ಚಿಪ್ಪಿ, ಹಕ್ಕಿ, ಮನುಷ್ಯರು ಎಲ್ಲರೂ ಉಣ್ಣುವುದು ಅದೇ ನೀರಿನಿಂದ.

ಮತ್ತೆ, ಸಂಬಳವಿಲ್ಲದೆ ದುಡಿಯುವವರು. ಕೇರೆ ಹಾವು ಕಂಡರೆ ಹೊಡೆಯಬೇಡಿ. ಅದಕ್ಕೆ ವಿಷವಿಲ್ಲ, ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ, ಇಲಿಬಿಲಕ್ಕೇ ನುಗ್ಗಿ ಮರಿಸಮೇತ ನುಂಗುತ್ತದೆ. ಹೃದಯದಾಕಾರದ ಬಿಳಿ ಮುಖದ ಕಣಜ ಗೂಬೆ ಒಂದೇ ರಾತ್ರಿಯಲ್ಲಿ ಎರಡು ಮೂರು ಇಲಿ ಹಿಡಿಯುತ್ತದೆ, ಗೂಡಲ್ಲಿ ಮರಿಗಳಿದ್ದಾಗ ಇನ್ನೂ ಹೆಚ್ಚು. ಅದರ ಕಿರುಚಾಟಕ್ಕೆ ಅಪಶಕುನವೆಂದು ಕಲ್ಲು ಹೊಡೆಯುವುದನ್ನು ನಮ್ಮ ಓಣಿಯಲ್ಲಿ ನಾನೇ ಕಂಡಿದ್ದೇನೆ. ನಾಲ್ಕು ಮೀಟರ್ ಎತ್ತರದಲ್ಲಿ, ಒಂದು ಗೇಣು ಅಗಲದ ಬಾಯಿಯಿರುವ ಮರದ ಪೆಟ್ಟಿಗೆಯೊಂದನ್ನು ಕೊಟ್ಟಿಗೆಯ ಗೋಡೆಗೆ ಹೊಡೆದಿಡಿ, ಗದ್ದೆಯಲ್ಲಿ ಕೂರಲು ಬಿದಿರಿನ ಕವೆ ನೆಡಿ. ಪೆಟ್ಟಿಗೆಗೆ ಗೂಬೆ ಬರಲು ವರ್ಷವೇ ಆಗಬಹುದು. ಪೆಟ್ಟಿಗೆಯನ್ನೂ ಪಾಷಾಣವನ್ನೂ ಒಟ್ಟಿಗೆ ಇಟ್ಟರೆ ಕರೆದು ಕೊಂದಂತಾಗುತ್ತದೆ.

ವಿಷ ಇಡಲೇಬೇಕೆನ್ನುವ ಸ್ಥಿತಿ ಬಂದರೆ

ಗೋದಾಮು, ದೊಡ್ಡ ಕೋಳಿ ಫಾರಂಗಳಲ್ಲಿ ಹಾಗಾಗುವುದುಂಟು. ಆಗಲೂ ಬಯಲಲ್ಲಿ ಇಡುವಂತಿಲ್ಲ. ಇಲಿ ಮಾತ್ರ ನುಗ್ಗುವ, ಬೀಗವಿರುವ ಪೆಟ್ಟಿಗೆಯೊಳಗೆ ಬಿಲ್ಲೆಯನ್ನು ತಂತಿಗೆ ಪೋಣಿಸಿ, ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಯಬೇಕು. ಕೌಮಾಟೆಟ್ರಾಲಿಲ್‌ನಂಥ ಮೊದಲ ತಲೆಮಾರಿನ ವಿಷ ಸಿಕ್ಕರೆ ಅದನ್ನೇ ಆರಿಸಿ. ಅದು ದೇಹದಲ್ಲಿ ಬೇಗ ಕರಗುವುದರಿಂದ ಗೂಬೆ, ಬೆಕ್ಕಿಗೆ ಅಪಾಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ದಿನಾಂಕ, ಸಂಖ್ಯೆ ಬರೆದಿಡಿ, ದಿನಾ ಬೆಳಿಗ್ಗೆ ಸತ್ತ ಇಲಿಗಳನ್ನು ಹುಡುಕಿ ಹೂಳಿ, ಕೆಲಸ ಮುಗಿದ ದಿನ ಉಳಿದ ಬಿಲ್ಲೆಗಳನ್ನು ಎಣಿಸಿ ಹೊರತೆಗೆಯಿರಿ. ವರ್ಷವಿಡೀ ಇಟ್ಟುಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಯಾರಾದರೂ ತಿಂದುಬಿಟ್ಟರೆ

ಕಾಯಬೇಡಿ. 108ಕ್ಕೆ ಕರೆ ಮಾಡಿ, ಪೊಟ್ಟಣವನ್ನು ಜೊತೆಗೇ ಒಯ್ಯಿರಿ. ವೈದ್ಯರಿಗೆ ಮೊದಲು ಬೇಕಾದದ್ದು ವಿಷದ ಹೆಸರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ಕೊಬ್ಬರಿ ಎಣ್ಣೆ, ತುಪ್ಪ ಬೇಡವೇ ಬೇಡ. ನಮ್ಮ ಕಡೆ ವಿಷಕ್ಕೆ ಹಾಲು ಎನ್ನುವ ರೂಢಿಯಿದೆ, ಆದರೆ ರಂಜಕವನ್ನು ಕೊಬ್ಬು ಇನ್ನೂ ಬೇಗ ರಕ್ತಕ್ಕೆ ಸೇರಿಸುತ್ತದೆ. ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ರಂಜಕದ ಪೇಸ್ಟ್ ಹೊಟ್ಟೆಗೆ ಹೋದವರು ಮೊದಲ ದಿನ ವಾಂತಿ ಮಾಡಿ, ಎರಡನೆಯ ಮೂರನೆಯ ದಿನ ಚೇತರಿಸಿಕೊಂಡಂತೆ ಕಾಣುತ್ತಾರೆ. ಊಟ ಕೇಳುತ್ತಾರೆ. ಮನೆಯವರು ಗಂಡಾಂತರ ಕಳೆಯಿತೆಂದು ಕರೆದುಕೊಂಡು ಬರುತ್ತಾರೆ. ಪಿತ್ತಜನಕಾಂಗ ಕೈಕೊಡುವುದು ಅದರ ನಂತರ. ಬ್ರೊಮಾಡಿಯೊಲೋನ್ ಕೂಡ ಹಾಗೆಯೇ, ಎರಡು ಮೂರು ದಿನ ರಕ್ತ ಪರೀಕ್ಷೆ ಮಾಡುತ್ತಲೇ ಇರಬೇಕು. ವೈದ್ಯರು ಬಿಡುವವರೆಗೆ ಆಸ್ಪತ್ರೆ ಬಿಡಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕು, ಘಟ್ಟದ ರಸ್ತೆಯಲ್ಲಿ ಗಂಟೆಗಳು ಹಾಗೇ ಸೋರಿಹೋಗುತ್ತವೆ.

ಇಲಿ ಪಾಷಾಣ ಕೈಗೆ ಸಿಗುವಂತಿರುವ ಮನೆಯಲ್ಲಿ ಮನಸ್ಸು ಕುಗ್ಗಿದ ಒಂದು ಗಳಿಗೆ ಜೀವವನ್ನೇ ಕೊಂಡೊಯ್ಯಬಹುದು. ಶ್ರೀಲಂಕಾ ತೀವ್ರ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಗಳು ಬಹಳ ಕಡಿಮೆಯಾದವು. ಮನೆಯಲ್ಲಿ ಯಾರಾದರೂ ತುಂಬ ನೊಂದಿದ್ದರೆ ಪಕ್ಕ ಕೂತು ಮಾತಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಾಯಿ, ದನಗಳಿಗಾದರೆ ಪಶುವೈದ್ಯ ಸಹಾಯವಾಣಿ 1962. ವಿಟಮಿನ್ ಕೆ1 ಬೇಕು, ಕೆ3 ಇದಕ್ಕೆ ಕೆಲಸ ಮಾಡುವುದಿಲ್ಲ. ಕಾಡುಪ್ರಾಣಿ, ಹಕ್ಕಿ ಬಿದ್ದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಬರಿಗೈಯಲ್ಲಿ ಎತ್ತಬೇಡಿ.

ಕೊನೆಯ ಹೆಜ್ಜೆ: ಊರಿನ ಅಂಗಡಿ

ಒಂದು ಮನೆ ಬಿಟ್ಟರೆ ಸಾಲದು, ಗೂಬೆಗೆ ಬೇಲಿ ಗೊತ್ತಿಲ್ಲ. ನ್ಯೂಯಾರ್ಕಿನ ಮೃಗಾಲಯದಿಂದ ತಪ್ಪಿಸಿಕೊಂಡು ಒಂದು ವರ್ಷ ನಗರದಲ್ಲಿ ಸ್ವತಂತ್ರವಾಗಿ ಬದುಕಿದ ಫ್ಲಾಕೋ ಎಂಬ ಗೂಬೆ 2024ರ ಫೆಬ್ರುವರಿಯಲ್ಲಿ ಸತ್ತಾಗ ಅದರ ದೇಹದಲ್ಲಿ ಪಾರಿವಾಳದ ವೈರಸ್ ಜೊತೆಗೆ ನಾಲ್ಕು ಬಗೆಯ ಇಲಿ ಪಾಷಾಣ ಸಿಕ್ಕಿತು. ಕ್ಯಾಲಿಫೋರ್ನಿಯಾ 2014ರಲ್ಲೇ ಎರಡನೆಯ ತಲೆಮಾರಿನ ವಿಷಗಳನ್ನು ಸಾಮಾನ್ಯ ಅಂಗಡಿಗಳಿಂದ ತೆಗೆಸಿತು, ಅದೂ ಸಾಲದೆಂದು 2021ರಿಂದ ಅವುಗಳ ಬಹುತೇಕ ಬಳಕೆಯನ್ನೇ ನಿಲ್ಲಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2023ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮಲ್ಲಿ ಅದೇ ಬಿಲ್ಲೆ ಬಿಸ್ಕತ್ತಿನ ಪಕ್ಕ ಸಿಗುತ್ತದೆ.

ಹೀಗೆ ಇಡುವುದು ತಪ್ಪು ಎನ್ನಲು ಹೊಸ ಕಾನೂನು ಬೇಕಿಲ್ಲ. 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಲೇಬಲ್ ಇಲ್ಲದ ವಿಷ ಮಾರುವಂತಿಲ್ಲ, ವಿಷದ ದಾಸ್ತಾನನ್ನು ಇತರ ಸಾಮಾನುಗಳಿಂದ ಬೇರೆಯೇ ಕೋಣೆಯಲ್ಲಿ ಇಡಬೇಕು. ಕಾಗದದಲ್ಲಿ ಕಟ್ಟಿದ ಬಿಡಿ ಪುಡಿ ಕಂಡರೆ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಲಿಖಿತವಾಗಿ ತಿಳಿಸಿ. ಗ್ರಾಮಸಭೆಯಲ್ಲಿ ಮೂರು ಬೇಡಿಕೆ ಇಡಿ: ಊರಿನ ಅಂಗಡಿಗಳಲ್ಲಿ ರಂಜಕದ ಪೇಸ್ಟ್ ಮತ್ತು ಬಿಡಿ ವಿಷ ಬೇಡ, ಕೀಟನಾಶಕ ಪರವಾನಗಿ ಇಲ್ಲದ ಕಿರಾಣಿಯಲ್ಲಿ ಯಾವ ಪಾಷಾಣವೂ ಬೇಡ, ಪಂಚಾಯಿತಿಯಿಂದ ಬಾಡಿಗೆಗೆ ಕೊಡಲು ಐವತ್ತು ಬೋನು ಬೇಕು. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ನಾನು ಹೋದದ್ದು ಕರಿಯನ ಚಿಕಿತ್ಸೆಯ ಬಿಲ್ಲು ಹಿಡಿದುಕೊಂಡು. ನಮ್ಮೂರ ಅಂಗಡಿಯವರು ಅದನ್ನು ಎರಡು ಸಲ ಓದಿ, ಬಿಲ್ಲೆಗಳ ಡಬ್ಬಿಯನ್ನು ಮೇಜಿನ ಮೇಲಿಂದ ತೆಗೆದು ಒಳಗಿಟ್ಟರು. ಈಗ ಅಲ್ಲಿ ಬೋನು ತೂಗುಹಾಕಿದ್ದಾರೆ.

ಮೃಗಶಿರ ಮಳೆ ಹಿಡಿಯುವ ಮುನ್ನ ಒಮ್ಮೆ, ಚಾಲಿ ಸುಲಿದು ಚೀಲ ಕಟ್ಟುವ ಮುನ್ನ ಇನ್ನೊಮ್ಮೆ, ಗೋಡೆಯಂಚಿಗೆ ಆ ರಂಗೋಲಿ ಹಿಟ್ಟು ಉದುರಿಸಿ ಬೆಳಿಗ್ಗೆ ಬಗ್ಗಿ ನೋಡಿ.